ಪಾದುಕೆ ಎಂದರೆ ಪಾದರಕ್ಷೆ: ನಮ್ಮ ಮಕ್ಕಳ ಓದು ಮತ್ತು ಅರ್ಥದ ಚರಿತ್ರೆ

1

ನಾನು ನಾಲ್ಕನೇ ಕ್ಲಾಸಿನಲ್ಲಿದ್ದಾಗ ಕನ್ನಡ ಪುಸ್ತಕದ ಪ್ರತಿ ಪಾಠದ ಕೊನೆಗೂ 'ಪದಗಳ ಅರ್ಥ' ಎಂಬ ಒಂದು ಪಟ್ಟಿ ಇರುತ್ತಿತ್ತು. ಎಡಗಡೆ ಗೊತ್ತಿಲ್ಲದ ಒಂದು ಪದ, ಬಲಗಡೆ ಗೊತ್ತಿಲ್ಲದ ಇನ್ನೊಂದು ಪದ, ನಡುವೆ ಎರಡು ಗೀಟು. ಅದನ್ನು ಉರು ಹೊಡೆದುಕೊಂಡು ಹೋಗಬೇಕು. ಅವತ್ತು ಭರತನ ಪಾಠ. ಮೇಷ್ಟ್ರು ನನ್ನನ್ನು ಎಬ್ಬಿಸಿ 'ಪಾದುಕೆ ಅಂದ್ರೇನೋ?' ಅಂದರು. 'ಪಾದರಕ್ಷೆ ಸಾ' ಅಂದೆ. 'ಶಾಬಾಸ್, ಕೂತ್ಕೋ' ಅಂದರು. ಪಕ್ಕದವನನ್ನು ಎಬ್ಬಿಸಿ 'ಪಾದರಕ್ಷೆ ಅಂದ್ರೇನ್ಲಾ?' ಅಂದರು. ಅವನು ನಮ್ಮ ಕೇರಿಯವನೇ. ಪಟ್ಟಿ ಓದಿಕೊಂಡು ಬಂದಿರಲಿಲ್ಲ. ಪುಸ್ತಕದಲ್ಲಿ ಭರತ ತಲೆಯ ಮೇಲೆ ಹೊತ್ತುಕೊಂಡಿದ್ದ ಚಿತ್ರವನ್ನು ಒಂದು ಸಲ ನೋಡಿ 'ಕೆರ ಸಾ' ಅಂದ.

ಕ್ಲಾಸು ಗೊಳ್ಳೆಂದಿತು. ಮೇಷ್ಟ್ರಿಗೆ ಸಿಟ್ಟು ಬಂತು. 'ರಾಮದೇವರ ಪಾದುಕೆಗೆ ಕೆರ ಅಂತೀಯೇನ್ಲಾ' ಅಂತ ಅಂಗೈ ಮೇಲೆ ಎರಡು ಬಿಟ್ಟರು. ಅವನಿಗೆ ಏಟು ಯಾಕೆ ಬಿತ್ತು ಅನ್ನೋದು ಗೊತ್ತಾಗಲಿಲ್ಲ. ನನಗೆ ಶಾಬಾಸ್ ಯಾಕೆ ಸಿಕ್ಕಿತು ಅನ್ನೋದೂ ಗೊತ್ತಾಗಲಿಲ್ಲ. ಅವನ ಅಪ್ಪ ಊರಿಗೆಲ್ಲ ಕೆರ ಹೊಲಿಯುತ್ತಿದ್ದವನು. ತಾನು ಹೊಲಿದದ್ದನ್ನು ಮೆಟ್ಟಿಕೊಂಡು ಊರೊಳಗಿನ ಬೀದಿಯಲ್ಲಿ ನಡೆಯುವಂತಿರಲಿಲ್ಲ, ಕಂಕುಳಲ್ಲಿ ಸಿಕ್ಕಿಸಿಕೊಂಡು ದಾಟಬೇಕಿತ್ತು. ಮೆಟ್ಟನ್ನು ತಲೆಯ ಮೇಲೆ ಹೊತ್ತ ರಾಜಕುಮಾರನ ಕತೆ ಅವನ ಮಗನಿಗೆ ಅರ್ಥವಾದಷ್ಟು ಆ ಕೊಠಡಿಯಲ್ಲಿ ಇನ್ಯಾರಿಗೂ ಅರ್ಥವಾಗಲು ಸಾಧ್ಯವಿರಲಿಲ್ಲ. ನನಗೆ ಪಾದುಕೆಯೂ ಗೊತ್ತಿರಲಿಲ್ಲ, ಪಾದರಕ್ಷೆಯೂ ಗೊತ್ತಿರಲಿಲ್ಲ. ಎರಡರ ನಡುವಿನ ಗೀಟುಗಳು ಮಾತ್ರ ಗೊತ್ತಿದ್ದವು. ಅವನು ಐದನೇ ಕ್ಲಾಸಿಗೆ ಬರಲಿಲ್ಲ. ನಾನು ಬಂದೆ, ಪಾಸಾಗುತ್ತಾ ಹೋದೆ, ಈಗ ಇದನ್ನು ಬರೆಯುತ್ತಿದ್ದೇನೆ.

ಈ ಸಣ್ಣ ಘಟನೆಯನ್ನು ಇಲ್ಲಿ ಹೇಳುವುದಕ್ಕೆ ಕಾರಣವಿದೆ. ದಲಿತ ವಿಮರ್ಶೆ ಅಂದಕೂಡಲೇ ನಾವು ಕಾವ್ಯ, ಕಾದಂಬರಿ, ಮೀಮಾಂಸೆ ಎಂದು ದೊಡ್ಡ ಮಾತುಗಳಿಗೆ ಕೈಹಾಕುತ್ತೇವೆ. ವಿಮರ್ಶೆ ಶುರುವಾಗುವುದು ಅದಕ್ಕೂ ಬಹಳ ಮುಂಚೆ, 'ಈ ಪದಕ್ಕೆ ಏನರ್ಥ' ಎಂದು ಮಗು ಕೇಳುವ ಹೊತ್ತಿಗೆ. ಆ ಪ್ರಶ್ನೆಗೆ ಯಾರ ಉತ್ತರ ಸರಿ, ಯಾರ ಉತ್ತರಕ್ಕೆ ಬೆತ್ತ ಎಂಬುದು ಒಂದು ಚರಿತ್ರೆಯ ವಿಷಯ. ನಮ್ಮ ಮಕ್ಕಳಿಗೆ ಓದು ಮೂರು ಕಂತಿನಲ್ಲಿ ಬರಬೇಕಾಗಿತ್ತು. ಮೊದಲನೆಯದು ಶಾಲೆಯ ಬಾಗಿಲು, ಎರಡನೆಯದು ಅಕ್ಷರ, ಮೂರನೆಯದು ಅರ್ಥ. ಮೊದಲ ಎರಡು ಕಂತುಗಳನ್ನು ಹೋರಾಡಿ ಪಡೆದುಕೊಂಡೆವು. ಮೂರನೆಯದು ಇನ್ನೂ ಬಾಕಿ ಇದೆ. ಅದು ಬಾಕಿ ಇದೆ ಎಂಬುದೇ ನಮ್ಮಲ್ಲಿ ಅನೇಕರಿಗೆ ಗೊತ್ತಾಗಿಲ್ಲ ಅನ್ನುವುದು ಈ ಲೇಖನದ ಆತಂಕ.

2

ಮೊದಲು ಹಿಂದಕ್ಕೆ ಹೋಗೋಣ. 1822ರಲ್ಲಿ ಮದ್ರಾಸ್ ಗವರ್ನರ್ ಥಾಮಸ್ ಮನ್ರೋ ತನ್ನ ಪ್ರಾಂತ್ಯದ ಎಲ್ಲ ಜಿಲ್ಲೆಗಳ ಕಲೆಕ್ಟರರಿಂದಲೂ ಊರ ಮಠಗಳ ಲೆಕ್ಕ ಕೇಳಿದ. ಆಗ ಬಳ್ಳಾರಿ ಮದ್ರಾಸಿಗೆ ಸೇರಿತ್ತು. ಬಳ್ಳಾರಿ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ 1823ರ ಆಗಸ್ಟಿನಲ್ಲಿ ಕಳಿಸಿದ ವರದಿ ಈ ಲೆಕ್ಕಗಳಲ್ಲೇ ಬಹಳ ವಿವರವಾದದ್ದು. ಸುಮಾರು ಒಂಬತ್ತು ಲಕ್ಷ ಇಪ್ಪತ್ತೇಳು ಸಾವಿರ ಜನರಿದ್ದ ಜಿಲ್ಲೆಯಲ್ಲಿ 533 ಮಠಗಳು, ಅವುಗಳಲ್ಲಿ 6,641 ಮಕ್ಕಳು. ಅವರಲ್ಲಿ ಹಿಂದೂ ಹೆಣ್ಣುಮಕ್ಕಳು 60. 1983ರಲ್ಲಿ ಧರಂಪಾಲರು ಈ ದಾಖಲೆಗಳನ್ನು ಪ್ರಕಟಿಸಿದಾಗ, ಬ್ರಿಟಿಷರು ಬರುವ ಮೊದಲೇ ನಮ್ಮಲ್ಲಿ ಶಿಕ್ಷಣ ಸಮೃದ್ಧವಾಗಿತ್ತು, ಶೂದ್ರರೂ ಬಹಳ ಮಂದಿ ಓದುತ್ತಿದ್ದರು ಎಂಬ ವಾದಕ್ಕೆ ಇವು ಆಧಾರವಾದವು. ಬಳ್ಳಾರಿಯ ಕೋಷ್ಟಕದಲ್ಲಿ ಬ್ರಾಹ್ಮಣ ಹುಡುಗರು 1,185, ಶೂದ್ರ ಹುಡುಗರು 2,998 ಇದ್ದಾರೆ, ನಿಜ. 'ಇತರ ಜಾತಿಗಳು' ಎಂಬ ಕಾಲಂ ಕೂಡ ಇದೆ, ಅದರಲ್ಲಿ 1,174 ಮಕ್ಕಳು. ಆ 'ಇತರ'ದೊಳಗೆ ಯಾರ್ಯಾರು ಕೂತಿದ್ದರು ಎಂಬುದನ್ನು ಕೋಷ್ಟಕ ಬಿಡಿಸಿ ಹೇಳುವುದಿಲ್ಲ. ಇತರ ಎಂಬ ಪದದ ಕೆಳಗೆ ಮುಚ್ಚಿಹೋಗುವುದು ನಮಗೆ ಹೊಸದೇನಲ್ಲ.

ಆದರೆ ಈ ವರದಿಯಲ್ಲಿ ಅಂಕಿಗಳಿಗಿಂತ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೆ ಮಾತು. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುವುದನ್ನು, ದೊಡ್ಡ ಮಕ್ಕಳು ಚಿಕ್ಕವರಿಗೆ ಹೇಳಿಕೊಡುವುದನ್ನು ಕ್ಯಾಂಪ್‌ಬೆಲ್ ಮೆಚ್ಚಿಕೊಳ್ಳುತ್ತಾನೆ. ಆಮೇಲೆ ಒಂದು ದೂರು ಹೇಳುತ್ತಾನೆ. ಮಠಗಳಲ್ಲಿ ಓದಿಸುವ ಪುಸ್ತಕಗಳೆಲ್ಲ ಪದ್ಯಗಳು, ಅವುಗಳ ಭಾಷೆ ಜನ ಆಡುವ ಭಾಷೆಯಲ್ಲ. ಅಕ್ಷರಗಳು ಅವೇ, ಮಾತು ಬೇರೆ. ಅರ್ಥ ಬಿಡಿಸಿ ಹೇಳಬಲ್ಲ ಅಯ್ಯಗಳು ಕಡಿಮೆ, ಅರ್ಥ ಮಾಡಿಕೊಳ್ಳುವ ಮಕ್ಕಳು ಇನ್ನೂ ಕಡಿಮೆ. ಪುಸ್ತಕಕ್ಕೆ ಪುಸ್ತಕವನ್ನೇ ಒಪ್ಪಿಸುವ ಹುಡುಗನಿಗೂ ಗಿಳಿಗೂ ಈ ವಿಷಯದಲ್ಲಿ ವ್ಯತ್ಯಾಸವಿಲ್ಲ. ಅವನ ಮಾತಿನ ತಾತ್ಪರ್ಯ ಇಷ್ಟು. ದೊರೆಗಿರಿಯ ಠೇಂಕಾರ ಅದರಲ್ಲಿ ಇರಬಹುದು. ಆದರೆ ನನ್ನ ಪಾದುಕೆ-ಪಾದರಕ್ಷೆಯ ಶಾಬಾಸ್‌ಗಿರಿಗೆ ಅದಕ್ಕಿಂತ ಒಳ್ಳೆಯ ವಿವರಣೆ ನನಗೆ ಸಿಕ್ಕಿಲ್ಲ.

ಅದೇ ವರದಿಯ ಪುಸ್ತಕಗಳ ಪಟ್ಟಿಯಲ್ಲಿ ನಿಘಂಟುಗಳ ಸಾಲಿನಲ್ಲಿ ಅಮರವೂ ಇದೆ. ಅಮರಕೋಶವನ್ನು ಅರ್ಥ ತಿಳಿಯದೆ ಬಾಯಿಪಾಠ ಮಾಡುವುದೇ ಪಂಡಿತ ಮನೆಗಳ ಮಕ್ಕಳ ಪದಸಂಪತ್ತಿಗೆ ಬುನಾದಿಯಾಗಿತ್ತು. ಈ ಕೋಶದಲ್ಲಿ ಪದಗಳನ್ನು ಅಕಾರಾದಿಯಾಗಿ ಜೋಡಿಸಿಲ್ಲ. ಸ್ವರ್ಗದಿಂದ ಶುರುವಾಗಿ ಪದಗಳು ಇಳಿಯುತ್ತಾ ಬರುತ್ತವೆ. ಎರಡನೆಯ ಕಾಂಡದಲ್ಲಿ ಮನುಷ್ಯವರ್ಗ ಮುಗಿದ ಮೇಲೆ ಬ್ರಹ್ಮವರ್ಗ, ಕ್ಷತ್ರಿಯವರ್ಗ, ವೈಶ್ಯವರ್ಗ, ಕೊನೆಗೆ ಶೂದ್ರವರ್ಗ. ಮಂತ್ರ, ಯಜ್ಞ, ಗುರು, ಶಿಷ್ಯ ಎಂಬ ಪದಗಳು ಮೇಲಿನ ಮನೆಯಲ್ಲಿ. ಕುಂಬಾರ, ಕಮ್ಮಾರ, ಚಮ್ಮಾರ, ಚಂಡಾಲ ಕೆಳಗಿನ ಮನೆಯಲ್ಲಿ. ನಾಯಿಗೆ ಇರುವ ಹೆಸರುಗಳೂ, ಹೆಂಡಕ್ಕೆ ಇರುವ ಹೆಸರುಗಳೂ, ಜೂಜಿನ ಮಾತುಗಳೂ ಈ ಶೂದ್ರವರ್ಗದೊಳಗೇ ಬರುತ್ತವೆ. ಅಂದರೆ ಪದಗಳಿಗೂ ಅಗ್ರಹಾರ, ಪದಗಳಿಗೂ ಕೇರಿ. ಮಗು ಪದ ಕಲಿಯುವಾಗಲೇ ಯಾವ ಪದ ಎಲ್ಲಿ ಕೂರಬೇಕು ಎಂಬುದನ್ನೂ ಕಲಿಯುತ್ತದೆ. ಅಮರಕೋಶ ಈಗ ಶಾಲೆಯಲ್ಲಿಲ್ಲ ಅನ್ನಬಹುದು. 'ಕೆರ' ಎಂಬ ಪದ 'ಪಾದುಕೆ'ಯ ಪಕ್ಕ ಕೂತಾಗ ಬಿದ್ದ ಎರಡು ಏಟು ಎಲ್ಲಿಂದ ಬಂದವು ಎಂದು ಕೇಳಿಕೊಂಡರೆ, ಆ ಕೋಶ ಶಾಲೆ ಬಿಟ್ಟು ಹೋಗಿಲ್ಲ ಎಂಬುದು ಗೊತ್ತಾಗುತ್ತದೆ.

3

ಈಗ ಬಾಗಿಲಿನ ಮಾತು. ಇದು ಧಾರವಾಡದ ಕತೆ. 1856ರ ಜೂನ್ ತಿಂಗಳಲ್ಲಿ ಧಾರವಾಡದ ಸರ್ಕಾರಿ ಶಾಲೆಗೆ ಸೇರಿಸಿಕೊಳ್ಳಿ ಎಂದು ಒಬ್ಬ ಹುಡುಗ ಅರ್ಜಿ ಹಾಕಿದ. ಸರ್ಕಾರದ ಕಾಗದದಲ್ಲಿ ಅವನು 'ಮಹಾರ್ ಹುಡುಗ'. ಮುಂಬೈ ಸರ್ಕಾರ ಜುಲೈನಲ್ಲಿ ನಿರ್ಣಯ ಹೊರಡಿಸಿತು. ಹುಡುಗನ ಕಡೆ ನ್ಯಾಯವಿದೆ ಎಂದು ಒಪ್ಪಿತು. ಆದರೆ ಒಬ್ಬನ ಸಲುವಾಗಿ ಶಾಲೆಯ ಬಾಗಿಲು ತೆರೆದರೆ ಮಿಕ್ಕವರೆಲ್ಲ ಬಿಟ್ಟುಹೋಗಿ ಶಾಲೆಯೇ ನಿರುಪಯೋಗವಾಗುತ್ತದೆ ಎಂದು ಅರ್ಜಿಯನ್ನು ತಳ್ಳಿಹಾಕಿತು. ನ್ಯಾಯ ನಿನ್ನದು, ಶಾಲೆ ಅವರದು. ಈ ವಿಷಯ ಲಂಡನ್ನಿನವರೆಗೆ ಹೋಯಿತು. 1858ರ ಏಪ್ರಿಲ್‌ನಲ್ಲಿ ಕಂಪನಿಯ ನಿರ್ದೇಶಕರು, ಸರ್ಕಾರದ ಶಾಲೆಗಳು ಎಲ್ಲ ವರ್ಗದವರಿಗೂ ತೆರೆದಿರಬೇಕು ಎಂದು ಬರೆದರು. ಮುಂದೆ ಅಂಬೇಡ್ಕರ್ 1928ರಲ್ಲಿ ಮುಂಬೈ ಪ್ರಾಂತ್ಯದ ದಲಿತರ ಶಿಕ್ಷಣದ ಬಗ್ಗೆ ಸಲ್ಲಿಸಿದ ಹೇಳಿಕೆಯಲ್ಲಿ ಈ ಧಾರವಾಡದ ಪ್ರಕರಣವನ್ನು ಎತ್ತಿ ತೋರಿಸಿದರು. ಅಂದರೆ ಇಂಡಿಯಾದ ದಲಿತ ಶಿಕ್ಷಣದ ಚರಿತ್ರೆಯ ಒಂದು ಮುಖ್ಯ ಪುಟ ಕನ್ನಡ ನೆಲದ್ದು. ನಮ್ಮ ಶಾಲೆಯ ಚರಿತ್ರೆ ಪಾಠಗಳಲ್ಲಿ ಆ ಹುಡುಗನನ್ನು ನಾನು ನೋಡಲಿಲ್ಲ.

ಆ ಹುಡುಗ ಧಾರವಾಡದಲ್ಲಿ ಬಾಗಿಲ ಹೊರಗೆ ನಿಂತಿದ್ದ ಹೊತ್ತಿಗೆ, ಅದೇ ಮುಂಬೈ ಪ್ರಾಂತ್ಯದ ಪುಣೆಯಲ್ಲಿ ಜೋತಿಬಾ ಮತ್ತು ಸಾವಿತ್ರಿಬಾಯಿ ಫುಲೆ ಮಹಾರ್ ಮಾಂಗರ ಮಕ್ಕಳಿಗೆ ಶಾಲೆ ನಡೆಸುತ್ತಿದ್ದರು. ಅಲ್ಲಿ ಓದಿದ ಮುಕ್ತಾ ಸಾಳ್ವೆ ಎಂಬ ಹದಿನಾಲ್ಕರ ಪ್ರಾಯದ ಮಾಂಗ್ ಹುಡುಗಿ ತನ್ನ ಜನದ ದುಃಖದ ಬಗ್ಗೆ ಒಂದು ಪ್ರಬಂಧ ಬರೆದಳು. 1855ರಲ್ಲಿ ಅದು 'ಜ್ಞಾನೋದಯ' ಪತ್ರಿಕೆಯಲ್ಲಿ ಅಚ್ಚಾಯಿತು. ವೇದ ನಮ್ಮದು ಮಾತ್ರ ಎಂದು ಬ್ರಾಹ್ಮಣರು ಹೇಳುವುದಾದರೆ, ನಮಗೆ ಯಾವ ಪುಸ್ತಕವೂ ಇಲ್ಲ ಎಂದಾಯಿತು, ಹಾಗಾದರೆ ನಮ್ಮ ಧರ್ಮ ಯಾವುದು ಎಂದು ಅವಳು ಕೇಳಿದಳು. ಇದನ್ನು ಓದಿನ ದೃಷ್ಟಿಯಿಂದ ನೋಡಿ. ಒಂದು ಮಾತನ್ನು ಕೇಳಿಸಿಕೊಂಡು, ಅದರ ಅರ್ಥ ತಿಳಿದು, ಆ ಅರ್ಥದಿಂದ ತಾನಾಗಿ ಹೊರಡುವ ಮುಂದಿನ ಮಾತನ್ನು ಹಿಡಿದು, ಹೇಳಿದವನ ಮುಂದೆಯೇ ಅದನ್ನು ಇಟ್ಟಿದ್ದಾಳೆ. ಅರ್ಥಗ್ರಹಣ ಎಂದರೆ ಇದು. ಓದು ಬಂದ ಕೆಲವೇ ವರ್ಷಗಳಲ್ಲಿ ಒಬ್ಬ ಹುಡುಗಿ ಮಾಡಿದ ಕೆಲಸ ಇದು. ಅರ್ಥ ತಿಳಿದು ಓದುವ ಮಕ್ಕಳನ್ನು ಕಂಡರೆ ವ್ಯವಸ್ಥೆಗೆ ಯಾಕೆ ದಿಗಿಲು ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ.

1882ರಲ್ಲಿ ಹಂಟರ್ ಆಯೋಗಕ್ಕೆ ಫುಲೆ ಸಲ್ಲಿಸಿದ ಮನವಿಯನ್ನು ನಮ್ಮಲ್ಲಿ ಸಾಮಾನ್ಯವಾಗಿ 'ಎಲ್ಲರಿಗೂ ಶಿಕ್ಷಣ ಕೊಡಿ' ಎಂಬ ಒಂದು ವಾಕ್ಯಕ್ಕೆ ಇಳಿಸಿಬಿಡುತ್ತೇವೆ. ಫುಲೆ ಅಷ್ಟಕ್ಕೇ ನಿಲ್ಲಲಿಲ್ಲ. ರೈತರ ಕಂದಾಯದ ದುಡ್ಡು ಮೇಲಿನವರ ಓದಿಗೆ ಸೋರಿಹೋಗುತ್ತಿದೆ ಎಂದರು. ಪ್ರಾಥಮಿಕ ಶಾಲೆಯ ಪುಸ್ತಕಗಳನ್ನೇ ತಿದ್ದಿ ಹೊಸದಾಗಿ ಬರೆಯಿಸಬೇಕು ಎಂದರು. ಮೇಷ್ಟ್ರುಗಳು ಉಳುವ ಜನರ ನಡುವಿನಿಂದ ಬರಬೇಕು, ಓದು ಬರಹ ಲೆಕ್ಕದ ಜೊತೆಗೆ ಬೇಸಾಯದ ತಿಳಿವಳಿಕೆಯೂ ಪಾಠದಲ್ಲಿ ಬರಬೇಕು ಎಂದರು. ಬಾಗಿಲು ತೆರೆದರೆ ಸಾಲದು, ಒಳಗೆ ಹೋದ ಮಗುವಿಗೆ ಪುಸ್ತಕವೂ ಮೇಷ್ಟ್ರೂ ಗುರುತು ಸಿಗುವ ಹಾಗಿರಬೇಕು ಎಂದು ಅವರು ಆಗಲೇ ಕಂಡಿದ್ದರು.

ಕರಾವಳಿಯಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ಮಂಗಳೂರಿನಲ್ಲಿ ದಲಿತ ಮಕ್ಕಳಿಗೆ ಶಾಲೆ ತೆಗೆದರು. ತನ್ನ ಜಾತಿಯವರಿಂದ ಬಹಿಷ್ಕಾರ ಉಂಡ ಮನುಷ್ಯ ಅವರು. ನಮ್ಮ ಶಾಲೆಯಲ್ಲಿ ಓದಿದ ಹುಡುಗ ದೊಡ್ಡವನಾಗಿ ಕಾರಿನಲ್ಲಿ ಹೋಗುವಾಗ ಏಳುವ ಧೂಳು ನನ್ನ ತಲೆಗೆ ತಾಗಬೇಕು ಎಂದು ಆಸೆಪಟ್ಟವರು. ಅವರ ದೊಡ್ಡತನದ ಬಗ್ಗೆ ಎರಡು ಮಾತಿಲ್ಲ. ಆದರೆ ಆ ಮಕ್ಕಳ ಮನೆಮಾತು ತುಳು. ಶಾಲೆಯ ಕನ್ನಡವೇ ಅವರಿಗೆ ಪುಸ್ತಕದ ಭಾಷೆ. ಕರಾವಳಿಯ ದಲಿತ ಮಗು ಅಕ್ಷರದ ಹೊಳೆಯ ಜೊತೆಗೆ ಭಾಷೆಯ ಹೊಳೆಯನ್ನೂ ದಾಟಬೇಕಿತ್ತು. ಬಡಗಣ ಸೀಮೆಯಲ್ಲಿ ತೆಲುಗು ಆಡುವ ಮಾದಿಗರ ಮಕ್ಕಳಿಗೆ, ಗಡಿಯ ಕಡೆ ಮರಾಠಿ ಆಡುವವರ ಮಕ್ಕಳಿಗೆ, ತಾಂಡಾದ ಲಂಬಾಣಿ ಮಕ್ಕಳಿಗೆ ಇದೇ ಪಾಡು. ಮೈಸೂರು ಸಂಸ್ಥಾನದಲ್ಲೂ 'ಪಂಚಮ' ಶಾಲೆಗಳು ಬೇರೆ ಇದ್ದವು. 1910ರ ದಶಕದಲ್ಲಿ ಸಾರ್ವಜನಿಕ ಶಾಲೆಗಳನ್ನು ಎಲ್ಲ ಜಾತಿಯ ಮಕ್ಕಳಿಗೂ ತೆರೆಯುವ ಆದೇಶ ಬಂದಾಗ ಜಾತಿವಂತರ ವಿರೋಧ ಎದ್ದಿತು. ಬಾಗಿಲು ಕಿರುಗುಟ್ಟುತ್ತಾ ತೆರೆಯಿತು. ಒಳಗೆ ಹೋದ ಮೇಲೆ ಏನಾಯಿತು ಎಂಬುದನ್ನು ಯಾವ ಆದೇಶವೂ ಕೇಳಲಿಲ್ಲ.

4

ಒಳಗೆ ಆದದ್ದು ಇದು. ಮೊದಲನೆಯದಾಗಿ, ಉಚ್ಚಾರವೇ ಓದು ಎಂದಾಯಿತು. ನಮ್ಮ ಕಡೆ ಹಕಾರ ಬಾಯಲ್ಲಿ ನಿಲ್ಲುವುದಿಲ್ಲ. 'ಹಾಲು' ಎಂದು ಬರೆದಿದ್ದನ್ನು ಮಗು 'ಆಲು' ಎಂದು ಓದುತ್ತದೆ. ಓದಿದ ಕೂಡಲೇ ಅದರ ಕಣ್ಣ ಮುಂದೆ ಹಸು, ಕೆಚ್ಚಲು, ಚೆಂಬು ಎಲ್ಲ ಬರುತ್ತವೆ. ಅದಕ್ಕೆ ಓದು ಬರುವುದಿಲ್ಲ ಎಂದು ಮೇಷ್ಟ್ರು ತೀರ್ಮಾನಿಸುತ್ತಾರೆ. ಇನ್ನೊಂದು ಮಗು 'ಕ್ಷೀರ' ಎಂದು ಒತ್ತಕ್ಷರ ಒಡೆಯದೆ ಓದುತ್ತದೆ, ಕಣ್ಣ ಮುಂದೆ ಏನೂ ಬರುವುದಿಲ್ಲ. ಅದಕ್ಕೆ ಓದು ಬರುತ್ತದೆ. ಮಹಾಪ್ರಾಣ ಸರಿಯಿದ್ದರೆ ಪ್ರಾಣ ಇಲ್ಲದಿದ್ದರೂ ನಡೆಯುತ್ತದೆ.

ಎರಡನೆಯದಾಗಿ, ಪ್ರಶ್ನೋತ್ತರ. 'ಒಂದು ವಾಕ್ಯದಲ್ಲಿ ಉತ್ತರಿಸಿರಿ' ಎಂಬ ಪ್ರಶ್ನೆಗಳು ಪಾಠದ ಸಾಲನ್ನೇ ತಿರುಗಿಸಿ ಕೇಳುತ್ತವೆ. ಇದರಲ್ಲಿ ಅರ್ಥಕ್ಕೆ ಎಷ್ಟು ಕೆಲಸವಿದೆ ಎಂದು ನೋಡಲು ಒಂದು ಆಟ ಕಟ್ಟೋಣ. 'ಗಿಬ್ಬನು ತೊರ್ಪೆಯಲ್ಲಿ ಮಿಣಚಿದನು.' ಗಿಬ್ಬನು ಎಲ್ಲಿ ಮಿಣಚಿದನು? ತೊರ್ಪೆಯಲ್ಲಿ. ತೊರ್ಪೆಯಲ್ಲಿ ಮಿಣಚಿದವನು ಯಾರು? ಗಿಬ್ಬನು. ಎರಡಕ್ಕೆ ಎರಡು ಅಂಕ. ಓದುಗರೇ, ನಿಮಗೆ ಗಿಬ್ಬ ಯಾರು ಗೊತ್ತೆ? ತೊರ್ಪೆ ಕಂಡಿದ್ದೀರಾ? ಅವೆಲ್ಲ ನಾನೀಗ ಹುಟ್ಟಿಸಿದ ಪದಗಳು. ವಿಭಕ್ತಿ ಪ್ರತ್ಯಯ ಗೊತ್ತಿದ್ದರೆ ಸಾಕು, ಕನ್ನಡ ಪರೀಕ್ಷೆ ಪಾಸಾಗಬಹುದು. ನಮ್ಮ ತಲೆಮಾರು ಪಾಸಾದದ್ದು ಹೀಗೆ. ಗಿಬ್ಬ ಮಿಣಚಿದ್ದು ಸರಿಯೋ, ಅವನು ಯಾಕೆ ಮಿಣಚಿದ, ಮಿಣಚಿಸಿಕೊಂಡವರು ಯಾರು ಎಂಬ ಪ್ರಶ್ನೆಗಳು ಬಂದಿದ್ದರೆ ಪದದ ಅರ್ಥ ಬೇಕಾಗುತ್ತಿತ್ತು. ಅಂಥ ಪ್ರಶ್ನೆಗಳು ಬರಲಿಲ್ಲ. ಏಕಲವ್ಯನ ಪಾಠದಲ್ಲಿ 'ಏಕಲವ್ಯನು ಗುರುದಕ್ಷಿಣೆಯಾಗಿ ಏನನ್ನು ಕೊಟ್ಟನು?' ಎಂದು ಕೇಳಿದರು. 'ದ್ರೋಣನು ಕೇಳಬಹುದಿತ್ತೆ?' ಎಂದು ಕೇಳಲಿಲ್ಲ.

ಮೂರನೆಯದಾಗಿ, ಪದ ಗೊತ್ತಿಲ್ಲದಿದ್ದರೆ ಸುತ್ತಲ ಮಾತಿನಿಂದ ಊಹಿಸು ಎಂಬುದು ಓದಿನ ಒಂದು ದೊಡ್ಡ ಉಪಾಯ. ಎಲ್ಲ ಮಕ್ಕಳೂ ಮಾತು ಕಲಿತದ್ದೇ ಹಾಗೆ. ಆದರೆ ಊಹೆಗೆ ಸುತ್ತಲಿನದು ಗೊತ್ತಿರಬೇಕು. ಪಾಠದಲ್ಲಿ ತುಂಬಿರುವುದು ಉಪನಯನ, ಅಗ್ರಹಾರ, ಅಂಗಳದ ತುಳಸಿ, ಅಜ್ಜಿಯ ಮಡಿ ಎಂದಾದರೆ, ಕೇರಿಯ ಮಗು ಒಂದು ಕಗ್ಗತ್ತಲ ಪದವನ್ನು ಇನ್ನೊಂದು ಕತ್ತಲ ಪದದ ಬೆಳಕಿನಲ್ಲಿ ಹುಡುಕಬೇಕಾಗುತ್ತದೆ. ಆ ಮಗುವಿಗೆ ಪದಗಳಿಗೆ ಬರವೇ? ಚರ್ಮ ಹದಮಾಡುವ ಮನೆಯ ಮಗುವಿಗೆ ಸುಣ್ಣದ ಗುಂಡಿ, ತಂಗಡಿ ಚಕ್ಕೆ, ಅಳಲೆಕಾಯಿ, ಉಳಿ, ರಂಪಿಗೆ, ಬಾರು, ಮಿಣಿ ಎಲ್ಲ ಗೊತ್ತು. ತಮಟೆ ಕಾಯಿಸಿ ಹದ ನೋಡುವಾಗ ಬಿಸಿಗೆ ತೊಗಲು ಹೇಗೆ ಮಾತಾಡುತ್ತದೆ ಎಂಬುದು ಗೊತ್ತು. ಕೂಲಿಗೆ ಹೋಗುವ ತಾಯಿಯ ಮಗುವಿಗೆ ಕಳೆಗಳ ಹೆಸರು, ತಿನ್ನುವ ಬೆರಕೆ ಸೊಪ್ಪುಗಳ ಹೆಸರು ಬೆರಳೆಣಿಕೆಗೆ ಮೀರಿ ಗೊತ್ತು. ಹನ್ನೆರಡನೆಯ ಶತಮಾನದ ಮಾದಾರ ಚೆನ್ನಯ್ಯ ತನ್ನ ವಚನದ ಅಂಕಿತದೊಳಗೇ ಉಳಿ ಕತ್ತಿಗಳನ್ನು ಇಟ್ಟುಕೊಂಡವನು. ಶಾಲೆ ನಮಗೆ ವಚನ ಓದಿಸಿತು, ಅಂಕಿತ ಯಾವುದು ಎಂದು ಕೇಳಿತು. ಉಳಿ ಯಾವುದು ಎಂದು ಕೇಳಿದ್ದರೆ ನಮ್ಮ ಹುಡುಗ ಕೈ ಎತ್ತುತ್ತಿದ್ದ.

5

ಇಲ್ಲಿ ಒಂದು ಆಕ್ಷೇಪ ಬರಬಹುದು. ಹಾಗಾದರೆ ದಲಿತ ಮಕ್ಕಳು ತಮ್ಮ ಕೇರಿಯ ಪದಗಳನ್ನಷ್ಟೇ ಓದಿಕೊಂಡಿರಬೇಕೆ? ಶಿಷ್ಟ ಕನ್ನಡ, ಸಂಸ್ಕೃತ ಪದಗಳು ಬೇಡವೆ? ಈ ಮಾತನ್ನು ನಮ್ಮ ಪರವಾಗಿಯೇ ಎನ್ನುವಂತೆ ಹೇಳುವ ಕೆಲವರಿದ್ದಾರೆ. ಅದು ನಮ್ಮನ್ನು ಮತ್ತೆ ಕೇರಿಯಲ್ಲೇ ಕೂರಿಸುವ ಹುನ್ನಾರ ಎಂದು ನಾನು ತಿಳಿದಿದ್ದೇನೆ.

ಇದಕ್ಕೆ ಉತ್ತರ ಅಂಬೇಡ್ಕರ್ ಅವರ ಓದಿನಲ್ಲಿದೆ. ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಯಬೇಕೆಂದು ಅವರಿಗೆ ಆಸೆಯಿತ್ತು. ಅಸ್ಪೃಶ್ಯ ಹುಡುಗನಿಗೆ ಸಂಸ್ಕೃತ ಹೇಳಿಕೊಡುವುದಿಲ್ಲ ಎಂದದ್ದಕ್ಕೆ ಪರ್ಶಿಯನ್ ತೆಗೆದುಕೊಳ್ಳಬೇಕಾಯಿತು. ಮುಂದೆ ಅವರು ಆ ಗ್ರಂಥಗಳನ್ನು ಬಿಡಲಿಲ್ಲ, ಒಂದೊಂದು ಪದವನ್ನೂ ಹಿಡಿದು ಕೂತರು. 1946ರ 'ಶೂದ್ರರು ಯಾರು?' ಎಂಬ ಪುಸ್ತಕ ಪುರುಷಸೂಕ್ತದ ಮೇಲೆ ಒಬ್ಬ ವಿದ್ಯಾರ್ಥಿ ಕೇಳಬಹುದಾದ ಎಲ್ಲ ಪ್ರಶ್ನೆಗಳ ಮೊತ್ತ. 1948ರ 'ಅಸ್ಪೃಶ್ಯರು' ಪುಸ್ತಕದಲ್ಲಿ ಅವರು 'ಅಂತ್ಯ', 'ಅಂತ್ಯಜ' ಎಂಬ ಪದಗಳ ಅರ್ಥ ಬಿಡಿಸುವ ರೀತಿಯನ್ನು ಪ್ರತಿ ಕನ್ನಡ ಮೇಷ್ಟ್ರೂ ನೋಡಬೇಕು. ಪಂಡಿತರ ಪ್ರಕಾರ ಅಂತ್ಯಜ ಎಂದರೆ ಸೃಷ್ಟಿಯಲ್ಲಿ ಕೊನೆಗೆ ಹುಟ್ಟಿದವನು. ಅಂಬೇಡ್ಕರ್ ಕೇಳುತ್ತಾರೆ: ನಿಮ್ಮ ಲೆಕ್ಕದಲ್ಲೇ ಸೃಷ್ಟಿಯಲ್ಲಿ ಕೊನೆಯವನು ಶೂದ್ರ. ಅಸ್ಪೃಶ್ಯನಾದರೋ ಆ ನಾಲ್ಕು ವರ್ಣದ ಸೃಷ್ಟಿಯಲ್ಲೇ ಇಲ್ಲ, ಅವನು ಅವರ್ಣ. ಹಾಗಿದ್ದ ಮೇಲೆ ಅವನು ಅದರ ಕೊನೆ ಹೇಗಾದಾನು? ಹಾಗಾಗಿ ಇಲ್ಲಿ ಅಂತ್ಯ ಎಂದರೆ ಸೃಷ್ಟಿಯ ಅಂತ್ಯವಲ್ಲ, ಊರಿನ ಅಂತ್ಯ. ಊರಿನ ಕೊನೆಯಲ್ಲಿ ವಾಸಿಸುವವನು ಎಂದಷ್ಟೇ ಅರ್ಥ. ಒಂದು ಪದದ ಅರ್ಥ ಬದಲಾದ ಕೂಡಲೇ ದೇವರು ಮಾಡಿದ್ದು ಮನುಷ್ಯ ಮಾಡಿದ್ದಾಯಿತು. ಹುಟ್ಟಿನ ಕಳಂಕ ಹೋಗಿ ಅದು ವಾಸದ ವಿಳಾಸವಾಯಿತು. ವಿಳಾಸವನ್ನು ಬದಲಾಯಿಸಬಹುದು.

ಕನ್ನಡದಲ್ಲೂ 'ಹೊಲೆಯ' ಎಂಬ ಪದವನ್ನು 'ಹೊಲೆ'ಯಿಂದ ಬಿಡಿಸುವವರಿದ್ದಾರೆ, 'ಹೊಲ'ದಿಂದ ಬಿಡಿಸುವವರಿದ್ದಾರೆ. ಒಂದರಲ್ಲಿ ಮೈಲಿಗೆ, ಇನ್ನೊಂದರಲ್ಲಿ ಮಣ್ಣು. ಯಾವುದು ಸರಿ ಎಂದು ಭಾಷಾಶಾಸ್ತ್ರಜ್ಞರು ವಾದಿಸಲಿ. ನಮ್ಮ ಮಗುವಿಗೆ ಇವೆರಡೂ ಸಿಗಬೇಕು, ಎರಡನ್ನೂ ತೂಗಿ ನೋಡುವ ಶಕ್ತಿ ಬರಬೇಕು. ಇದಕ್ಕೆ ಸಂಸ್ಕೃತವೂ ಬೇಕು, ಹಳಗನ್ನಡವೂ ಬೇಕು, ಇಂಗ್ಲಿಷೂ ಬೇಕು. ಬೇಡದ್ದು ಒಂದೇ, ಅರ್ಥ ಕೇಳದೆ ಒಪ್ಪಿಸುವ ಗಿಳಿಪಾಠ.

6

ಶಾಲೆಯಲ್ಲಿ ಕಲಿಸದ ಅರ್ಥಗ್ರಹಣದ ಪರೀಕ್ಷೆ ಒಮ್ಮೆ ಇಡೀ ನಾಡಿಗೇ ಬಂತು. 1973ರ ನವೆಂಬರಿನಲ್ಲಿ ಮಂತ್ರಿ ಬಿ. ಬಸವಲಿಂಗಪ್ಪನವರು ಮೈಸೂರಿನಲ್ಲಿ ಕನ್ನಡ ಸಾಹಿತ್ಯದಲ್ಲಿ ಬಹಳಷ್ಟು ಬೂಸಾ ಎಂದರು. ಊರೂರಲ್ಲಿ ಗಲಭೆಯಾಯಿತು. ದಲಿತ ವಿದ್ಯಾರ್ಥಿಗಳ ಮೇಲೆ ಹಲ್ಲೆಗಳಾದವು. ಕೊನೆಗೆ ಅವರು ಮಂತ್ರಿಗಿರಿ ಬಿಡಬೇಕಾಯಿತು. ಬೂಸಾ ಎಂದರೆ ಏನು? ದನ ಕಟ್ಟಿದವರಿಗೆ ಗೊತ್ತು. ಕಾಳಿನ ಸತ್ವವೆಲ್ಲ ತೆಗೆದ ಮೇಲೆ ಉಳಿಯುವ ಹೊಟ್ಟು, ತೌಡು. ಸಾಹಿತ್ಯದ ಸತ್ವ ಯಾರಿಗೆ ಹೋಯಿತು, ನಮ್ಮ ಪಾಲಿಗೆ ಉಳಿದದ್ದೇನು ಎಂಬ ಪ್ರಶ್ನೆ ಆ ಒಂದು ಪದದೊಳಗಿತ್ತು. ಕನ್ನಡವನ್ನೇ ಎದೆಗಪ್ಪಿಕೊಂಡವರಿಗೆ ಆ ಕನ್ನಡ ಪದ ಬೈಗುಳವಾಗಿ ಮಾತ್ರ ಕೇಳಿಸಿತು. 'ಕೆರ' ಅಂದಾಗ ನಮ್ಮ ಕ್ಲಾಸು ಗೊಳ್ಳೆಂದಿತಲ್ಲ, ಹಾಗೆ. ಆ ಗಲಭೆಯ ಬಿಸಿಯಲ್ಲೇ ದಲಿತ ಸಂಘರ್ಷ ಸಮಿತಿ ಹುಟ್ಟುವ ವಾತಾವರಣ ಹದಗೊಂಡಿತು.

ದೇವನೂರ ಮಹಾದೇವರ 'ಕುಸುಮಬಾಲೆ' ಬಂದಾಗ ಪರೀಕ್ಷೆ ಇನ್ನೊಂದು ದಿಕ್ಕಿನಿಂದ ಬಂತು. ನಂಜನಗೂಡು ಚಾಮರಾಜನಗರ ಸೀಮೆಯ ಆಡುನುಡಿಯಲ್ಲಿದ್ದ ಆ ಕೃತಿಯನ್ನು ಓದಲು ಪಂಡಿತರು ತಿಣುಕಿದರು. ಇದನ್ನು ಮೊದಲು ಕನ್ನಡಕ್ಕೆ ಅನುವಾದಿಸಬೇಕು ಎಂಬ ತಮಾಷೆಯ ಮಾತೂ ಹುಟ್ಟಿತು. 1990ರಲ್ಲಿ ಅದಕ್ಕೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ನನಗೆ ಆ ತಮಾಷೆ ಬೇಸರ ತರಲಿಲ್ಲ, ಖುಷಿ ಕೊಟ್ಟಿತು. ನೂರಾರು ವರ್ಷ ನಮ್ಮ ಮಕ್ಕಳು ಪಾಠದ ಹಿಂದಿನ ಪಟ್ಟಿಯ ಮುಂದೆ ಕೂತು ಅನುಭವಿಸಿದ್ದನ್ನು ಮೇಷ್ಟ್ರುಗಳು ಮೊದಲ ಸಲ ಅನುಭವಿಸಿದರು. ಅವರಿಗೂ ಒಂದು 'ಪದಗಳ ಅರ್ಥ' ಬೇಕಾಯಿತು. ಆ ಪಟ್ಟಿ ಬರೆಯಬಲ್ಲವರು ಕೇರಿಯಲ್ಲಿದ್ದರು.

7

ಈಗ ಎಲ್ಲಿದ್ದೇವೆ? ಜನಗಣತಿಯ ಪ್ರಕಾರ ಕರ್ನಾಟಕದಲ್ಲಿ 1991ರಲ್ಲಿ ಒಟ್ಟು ಸಾಕ್ಷರತೆ ಶೇ. 56.04, ಪರಿಶಿಷ್ಟ ಜಾತಿಗಳದು ಶೇ. 38.06. 2011ರಲ್ಲಿ ಒಟ್ಟು ಶೇ. 75.36, ಪರಿಶಿಷ್ಟ ಜಾತಿಗಳದು ಶೇ. 65.33. ಹದಿನೆಂಟು ಅಂಕದ ಅಂತರ ಹತ್ತಕ್ಕೆ ಇಳಿದಿದೆ. ಇದು ಚಳವಳಿಯ, ಹಾಸ್ಟೆಲುಗಳ, ಒಪ್ಪೊತ್ತು ಉಂಡು ಮಕ್ಕಳನ್ನು ಓದಿಸಿದ ತಾಯಂದಿರ ಗೆಲುವು. ಕಡೆಗಣಿಸುವ ಮಾತೇ ಇಲ್ಲ. ಆದರೆ ಜನಗಣತಿಯವರು ಸಾಕ್ಷರ ಎಂಬ ಪದಕ್ಕೆ ಕೊಟ್ಟ ಅರ್ಥವನ್ನು ನೋಡಿ. ಏಳು ವರ್ಷ ಅಥವಾ ಅದಕ್ಕಿಂತ ಮೇಲ್ಪಟ್ಟು, ಯಾವುದೇ ಭಾಷೆಯಲ್ಲಿ ಅರ್ಥ ತಿಳಿದು ಓದಬಲ್ಲ, ಬರೆಯಬಲ್ಲ ವ್ಯಕ್ತಿ. 'ಅರ್ಥ ತಿಳಿದು' ಎಂಬ ಮಾತು ಅಲ್ಲೇ ಇದೆ. ಎಣಿಸಲು ಬಂದವರು ಮನೆಬಾಗಿಲಲ್ಲಿ ನಿಂತು 'ಓದಕ್ಕೆ ಬರುತ್ತಾ?' ಎಂದು ಕೇಳುತ್ತಾರೆ. ಮನೆಯವರು 'ಬತ್ತುದೆ' ಅನ್ನುತ್ತಾರೆ. ಅರ್ಥದ ಮಾತು ಅಲ್ಲಿಗೆ ಮುಗಿಯುತ್ತದೆ.

2005ರಿಂದ ನಡೆಯುತ್ತಿರುವ 'ಅಸರ್' ಸಮೀಕ್ಷೆ ಗ್ರಾಮೀಣ ಮಕ್ಕಳ ಕೈಗೆ ಒಂದು ಹಾಳೆ ಕೊಡುತ್ತದೆ. ಅಕ್ಷರ, ಪದ, ಒಂದನೇ ತರಗತಿಯ ಸಣ್ಣ ಭಾಗ, ಎರಡನೇ ತರಗತಿಯ ಕತೆ. 2018ರಲ್ಲಿ ದೇಶದ ಗ್ರಾಮೀಣ ಐದನೇ ತರಗತಿ ಮಕ್ಕಳಲ್ಲಿ ಎರಡನೇ ತರಗತಿಯ ಕತೆ ಓದಬಲ್ಲವರು ಶೇ. 50.5. ಕೊರೋನಾ ಕಾಲದ ಶಾಲೆ ಮುಚ್ಚುವಿಕೆಯ ನಂತರ 2022ರಲ್ಲಿ ಶೇ. 42.8. ಇದು ಮುಖ್ಯವಾಗಿ ಸಾಲನ್ನು ಓದಿ ಮುಗಿಸುವ ಪರೀಕ್ಷೆ. ಓದಿದ್ದು ತಿಳಿಯಿತೆ ಎಂಬುದು ಅದರಾಚೆಯ ಮಾತು. 2021ರಲ್ಲಿ ಕೇಂದ್ರ ಸರ್ಕಾರ 'ನಿಪುಣ್ ಭಾರತ್' ಎಂಬ ಕಾರ್ಯಕ್ರಮ ಶುರುಮಾಡಿ, 2026-27ರೊಳಗೆ ಮೂರನೇ ತರಗತಿ ಮುಗಿಸುವ ಪ್ರತಿ ಮಗುವೂ ಅರ್ಥ ತಿಳಿದು ಓದುವಂತಾಗಬೇಕು ಎಂಬ ಗುರಿ ಇಟ್ಟುಕೊಂಡಿತು. ಬಳ್ಳಾರಿಯ ಕಲೆಕ್ಟರ್ ಮಕ್ಕಳಿಗೆ ಅರ್ಥ ತಿಳಿಯುತ್ತಿಲ್ಲ ಎಂದು ಬರೆದು ಆಗ ಇನ್ನೂರು ವರ್ಷಕ್ಕೆ ಎರಡೇ ವರ್ಷ ಕಡಿಮೆಯಾಗಿತ್ತು.

ನಡುವೆ ಒಳ್ಳೆಯ ಪ್ರಯತ್ನಗಳೂ ಆಗಿವೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಶುರುವಾದ ನಲಿ-ಕಲಿ ಬೆತ್ತವನ್ನು ಬದಿಗಿಟ್ಟು, ಮಗು ತನ್ನ ವೇಗದಲ್ಲಿ ಕಲಿಯಲಿ ಎಂದು ಕಾರ್ಡುಗಳನ್ನು ಕೊಟ್ಟಿತು. ಮಕ್ಕಳು ನೆಲದ ಮೇಲೆ ಗುಂಪಾಗಿ ದುಂಡಗೆ ಕೂತರು. ಬೇರೆ ಕೂತು ಓದಿದ ಜನಕ್ಕೆ ಆ ದುಂಡಗೆ ಕೂರುವುದರ ಬೆಲೆ ಗೊತ್ತು. ಆದರೆ ಯಾವ ವಿಧಾನ ಬಂದರೂ ಪದ ಯಾರದು, ಅರ್ಥ ಯಾರದು, ಪ್ರಶ್ನೆ ಯಾರದು ಎಂಬ ಮೂರು ಮಾತು ಉಳಿದೇ ಇರುತ್ತವೆ.

ಹಾಗಾದರೆ ಮಾಡಬೇಕಾದದ್ದೇನು? ದೊಡ್ಡ ಯೋಜನೆ ಬೇಕಿಲ್ಲ. ಪಾಠದ ಹಿಂದಿನ ಪಟ್ಟಿಯಲ್ಲಿ ಎಡಗಡೆಯ ಪದಕ್ಕೆ ಬಲಗಡೆ ಮನೆಯ ಪದ ಬರಲಿ. ಬಲಗಡೆಗೆ ಒಂದು ಖಾಲಿ ಮನೆ ಬಿಟ್ಟು 'ನಿಮ್ಮ ಮನೆಯಲ್ಲಿ ಇದಕ್ಕೆ ಏನಂತೀರಿ?' ಎಂದು ಮಗುವನ್ನು ಕೇಳಲಿ. ಪಾದುಕೆಗೆ ಒಂದು ಕಡೆ ಕೆರ, ಒಂದು ಕಡೆ ಎಕ್ಕಡ, ಒಂದು ಕಡೆ ಮೆಟ್ಟು ಎಂದು ಮಕ್ಕಳೇ ತುಂಬಲಿ. ಅಲ್ಲಿಂದ ಪಾದರಕ್ಷೆಗೂ ಪಾದುಕೆಗೂ ಅವರೇ ನಡೆದು ಹೋಗುತ್ತಾರೆ. ಗೊತ್ತಿರುವುದರಿಂದ ಗೊತ್ತಿಲ್ಲದ್ದಕ್ಕೆ ಹೋಗುವುದು ಓದು, ಗೊತ್ತಿಲ್ಲದ್ದರಿಂದ ಗೊತ್ತಿಲ್ಲದ್ದಕ್ಕೆ ಹೋಗುವುದು ಉರು. ಪ್ರತಿ ಪಾಠಕ್ಕೂ ಸಾಲಿನಲ್ಲಿ ಸಿಗುವ ಪ್ರಶ್ನೆ ಒಂದು, ಸಾಲಿನಲ್ಲಿ ಸಿಗದೆ ಯೋಚಿಸಬೇಕಾದ ಪ್ರಶ್ನೆ ಒಂದು, ಪಾಠದೊಂದಿಗೇ ಜಗಳ ತೆಗೆಯುವ ಪ್ರಶ್ನೆ ಒಂದು ಇರಲಿ. ಮೂರನೆಯದಕ್ಕೆ ತಪ್ಪು ಉತ್ತರ ಇರಬಾರದು, ಬೆತ್ತವಂತೂ ಇರಲೇಬಾರದು.

ಪಕ್ಕದಲ್ಲಿ ಕೂತಿದ್ದ ಆ ಗೆಳೆಯ ಆಮೇಲೆ ಅಪ್ಪನ ಕಸುಬನ್ನೇ ಹಿಡಿದ. ಪ್ಲಾಸ್ಟಿಕ್ ಚಪ್ಪಲಿ ಬಂದ ಮೇಲೆ ಅದನ್ನೂ ಬಿಟ್ಟ. ಕೆಲವು ವರ್ಷಗಳ ಹಿಂದೆ ಊರಿಗೆ ಹೋದಾಗ ಅವನ ಮೊಮ್ಮಗಳು ಜಗಲಿಯಲ್ಲಿ ಕೂತು ಗಟ್ಟಿಯಾಗಿ ಪಾಠ ಓದುತ್ತಿದ್ದಳು, ಒಂದು ಅಕ್ಷರವೂ ತೊಡರದೆ. ಅವನು ಹೆಮ್ಮೆಯಿಂದ ನನ್ನ ಮುಖ ನೋಡಿದ. ಆಮೇಲೆ ಅವಳನ್ನು ನಿಲ್ಲಿಸಿ, 'ಅದೇನ್ ಓದ್ದೆ ಹೇಳವ್ವ, ನಂಗೂ ತಿಳೀಲಿ' ಅಂದ. ಹುಡುಗಿ ಪುಸ್ತಕ ನೋಡಿದಳು, ತಾತನ ಮುಖ ನೋಡಿದಳು, ಮತ್ತೆ ಅದೇ ಸಾಲನ್ನು ಇನ್ನೂ ಗಟ್ಟಿಯಾಗಿ ಓದಿದಳು.